ಕುಡಿತ ಬಿಡುವವರ ಮೀಟಿಂಗ್‌ಗಳು: ಹುಡುಕುವುದು ಹೇಗೆ, ಯಾವುದು ಯಾರಿಗೆ ಹೊಂದುತ್ತದೆ

ಬೆಂಗಳೂರಿನಲ್ಲಿ ಕುಡಿತ ಬಿಟ್ಟವರು ಸೇರುವ ಎಎ ಮೀಟಿಂಗ್ ನಡೆಯುವ ಕಟ್ಟಡದ ಮುಂದೆ ಸಾಮಾನ್ಯವಾಗಿ ಬೋರ್ಡ್ ಇರುವುದಿಲ್ಲ. ಚರ್ಚಿನ ಹಿಂಬದಿಯ ಕೋಣೆ, ಶಾಲೆಯ ನೆಲಮಹಡಿಯ ತರಗತಿ, ಆಸ್ಪತ್ರೆಯ ಯಾವುದೋ ಹಾಲ್. ಸಂಜೆ ಏಳರ ಹೊತ್ತಿಗೆ ಒಬ್ಬರು ಬಂದು ಬೀಗ ತೆಗೆದು ಕುರ್ಚಿ ಹಾಕುತ್ತಾರೆ, ಒಂದೂವರೆ ಗಂಟೆ ಕಳೆದ ಮೇಲೆ ಎಲ್ಲ ಎತ್ತಿಟ್ಟು ಬೀಗ ಹಾಕಿಕೊಂಡು ಹೋಗುತ್ತಾರೆ. ಧೈರ್ಯ ಮಾಡಿ ಹೊರಟ ಎಷ್ಟೋ ಜನ ಗೇಟಿನವರೆಗೆ ಬಂದು, ಯಾರನ್ನು ಏನಂತ ಕೇಳುವುದು ಎಂದು ತಿಳಿಯದೆ ಹಾಗೇ ತಿರುಗಿ ಹೋಗುತ್ತಾರೆ. ಈ ಸೇವೆಯ ಅತಿ ದೊಡ್ಡ ಕೊರತೆ ಇದೇ. ಒಳಗೆ ಸಿಗುವುದು ಚೆನ್ನಾಗಿದೆ, ಬಾಗಿಲು ಸಿಗುವುದು ಕಷ್ಟ.

ಕರ್ನಾಟಕದಲ್ಲಿ ಕುಡಿತ ಬಿಟ್ಟವರೂ ಬಿಡಬೇಕೆಂದಿರುವವರೂ ಜೊತೆಗೆ ಕೂರುವ ಜಾಗಗಳು ಹಲವಿವೆ. ನಗರಗಳಲ್ಲಿ ಹೆಚ್ಚಾಗಿ ಆಲ್ಕೋಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ ಎಎ. ಹಳ್ಳಿ ಮತ್ತು ತಾಲ್ಲೂಕು ಕೇಂದ್ರಗಳಲ್ಲಿ ಧರ್ಮಸ್ಥಳದ ಯೋಜನೆಯ ಮದ್ಯವರ್ಜನ ಶಿಬಿರ, ಅದರ ಬೆನ್ನಿಗೆ ನವಜೀವನ ಸಮಿತಿ. ಆಸ್ಪತ್ರೆಗಳ ಗುಂಪು ಸಭೆಗಳಿವೆ, ಫೋನಿನಲ್ಲೇ ಕೂರುವ ಆನ್‌ಲೈನ್ ಮೀಟಿಂಗ್‌ಗಳಿವೆ. ಇವನ್ನೆಲ್ಲ ಅಳೆಯಲು ನಾವು ಬಳಸುವ ಕೋಲು ಒಂದೇ: ಮೀಟಿಂಗ್ ಮುಗಿದ ಮೇಲಿನ ಹದಿನೈದು ನಿಮಿಷದಲ್ಲಿ ಹೊಸಬರಿಗೆ ಏನಾಗುತ್ತದೆ? ಯಾರಾದರೂ ಬಂದು ಮಾತಾಡಿಸಿ, ನಂಬರ್ ಕೊಟ್ಟು, ನಾಳೆ ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀರಿ ಎಂದು ಕೇಳಿದರೆ ಅದು ಒಳ್ಳೆಯ ಗುಂಪು. ಎಲ್ಲರೂ ತಮ್ಮ ತಮ್ಮ ಹೆಲ್ಮೆಟ್ ಹಾಕಿಕೊಂಡು ಹೊರಟುಬಿಟ್ಟರೆ, ಒಳಗೆ ಎಷ್ಟೇ ಒಳ್ಳೆಯ ಮಾತು ಕೇಳಿಬಂದಿದ್ದರೂ ಬೇರೆ ಗುಂಪು ನೋಡಿಕೊಳ್ಳಿ.

ಮೀಟಿಂಗ್‌ಗೂ ಮೊದಲು

ಹೋಗುವ ಮುಂಚೆ ಒಂದು ವಿಷಯ ತೀರ್ಮಾನವಾಗಬೇಕು. 180 ಎಂಎಲ್‌ನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ದಿನವೂ ಒಂದೆರಡು ಕ್ವಾರ್ಟರ್ ಕುಡಿಯುವವರು, ಬೆಳಿಗ್ಗೆ ಎದ್ದಾಗ ಕೈನಡುಕ ನಿಲ್ಲಲೆಂದು ನೈಂಟಿ ಹಾಕುವವರು ‘ನಾಳೆಯಿಂದ ಬಂದ್’ ಎಂದು ಒಮ್ಮೆಲೇ ನಿಲ್ಲಿಸಿ ನೇರ ಮೀಟಿಂಗ್‌ಗೆ ಬಂದು ಕೂರಬಾರದು. ಕೊನೆಯ ಪೆಗ್ ಆದ ಆರೆಂಟು ಗಂಟೆಗೆ ನಡುಕ, ಬೆವರು, ವಾಂತಿ ಶುರುವಾಗುತ್ತವೆ. ಕೆಲವರಿಗೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ನಡುವೆ ಇಲ್ಲದ್ದು ಕಾಣುವುದು, ಯಾರೋ ಕರೆದಂತೆ ಕೇಳುವುದು, ಹಗಲು ರಾತ್ರಿ ಗೊತ್ತಾಗದ ಗೊಂದಲ ಬರಬಹುದು. ಇದು ಪ್ರಾಣಕ್ಕೇ ಕುತ್ತು ತರುವ ಸ್ಥಿತಿ. ಇದನ್ನು ಮನೆಯಲ್ಲಿ ಮಲಗಿಸಿ, ಮಜ್ಜಿಗೆ ಕುಡಿಸಿ ಕಳೆಯಲಾಗದು. ಆಸ್ಪತ್ರೆಯಲ್ಲಿ ಮಾತ್ರೆಯ ಪ್ರಮಾಣವನ್ನು ದಿನದಿನಕ್ಕೆ ಇಳಿಸುತ್ತಾ ಸುಮಾರು ಒಂದು ವಾರದಲ್ಲಿ ಈ ಹಂತ ದಾಟಿಸುತ್ತಾರೆ, ಥಯಾಮಿನ್ ಎಂಬ ಬಿ1 ವಿಟಮಿನ್ ಕೊಡುತ್ತಾರೆ. ಹಿಂದೆ ಯಾವಾಗಲಾದರೂ ಕುಡಿತ ಬಿಟ್ಟಾಗ ಫಿಟ್ಸ್ ಬಂದಿದ್ದರೆ ಆಸ್ಪತ್ರೆಗೆ ಸೇರದೆ ನಿಲ್ಲಿಸಲೇಬೇಡಿ. ಮೀಟಿಂಗ್ ಕೆಲಸಕ್ಕೆ ಬರುವುದು ಇದಾದ ಮೇಲೆ. ಮೈ ಸರಿಹೋದ ನಂತರದ ತಿಂಗಳುಗಳಲ್ಲಿ ಮತ್ತೆ ಗ್ಲಾಸ್ ಮುಟ್ಟದಂತೆ ಉಳಿಸುವುದು ಅದರ ಕೆಲಸ.

ಬಾಗಿಲು ಹುಡುಕುವುದು

ಎಎಗೆ ಭಾರತದ ಮಟ್ಟದ ಸೇವಾ ಕಚೇರಿ ಮುಂಬೈನಲ್ಲಿದೆ. ಅದರ ವೆಬ್‌ಸೈಟ್‌ನಲ್ಲಿ ಊರೂರಿನ ಸಹಾಯವಾಣಿ ನಂಬರುಗಳು ಸಿಗುತ್ತವೆ. ಅಲ್ಲಿ ಅಥವಾ ಬೇರೆಲ್ಲೋ ಕಂಡ ಮೀಟಿಂಗ್ ಪಟ್ಟಿಯನ್ನು ಮಾತ್ರ ನಂಬಿ ಬಸ್ ಹತ್ತಬೇಡಿ. ಗುಂಪುಗಳು ಬಾಡಿಗೆ ಕೋಣೆಯಲ್ಲಿ ನಡೆಯುತ್ತವೆ. ಶಾಲೆಯಲ್ಲಿ ಪರೀಕ್ಷೆ ಬಂದರೆ, ಚರ್ಚಿನಲ್ಲಿ ಹಬ್ಬ ಬಂದರೆ, ಬಾಡಿಗೆ ಏರಿದರೆ ಜಾಗ ಬದಲಾಗುತ್ತದೆ, ಪಟ್ಟಿ ಹಳೆಯದೇ ಉಳಿಯುತ್ತದೆ. ಕೊರೊನಾ ಕಾಲದಲ್ಲಿ ಫೋನಿಗೆ ಹೋದ ಕೆಲವು ಗುಂಪುಗಳು ಕೋಣೆಗೆ ಮರಳಿಲ್ಲ.

ಆದ್ದರಿಂದ ಮೊದಲು ಫೋನ್. ಎತ್ತುವವರು ಸಂಬಳದ ಸಿಬ್ಬಂದಿಯಲ್ಲ, ತಾವೂ ಕುಡಿದು ಬಿಟ್ಟ ಸದಸ್ಯರು. ಹಗಲಲ್ಲಿ ಅವರೂ ಕೆಲಸದಲ್ಲಿರುತ್ತಾರೆ, ಎತ್ತದಿದ್ದರೆ ಸಂಜೆ ಆರರ ಮೇಲೆ ಮತ್ತೆ ಮಾಡಿ. ದೊಡ್ಡ ಪೀಠಿಕೆ ಬೇಕಿಲ್ಲ. “ಸರ್, ಕುಡಿಯೋದು ಬಿಡಬೇಕು ಅಂತಿದೀನಿ. ನಾನು ಹೊಸಬ. ಕನ್ನಡ ಮೀಟಿಂಗ್ ಎಲ್ಲಿದೆ?” ಅಷ್ಟು ಸಾಕು. ಆಮೇಲೆ ಕೇಳಿ ತಿಳಿದುಕೊಳ್ಳಬೇಕಾದ್ದು: ಈ ವಾರ ಮೀಟಿಂಗ್ ಅಲ್ಲೇ ಇದೆಯಾ, ಗೇಟಿನಿಂದ ಯಾವ ಕಡೆಯ ಕೋಣೆ, ಅದು ಓಪನ್ನೋ ಕ್ಲೋಸ್ಡೋ. ಕೊನೆಗೆ, ಗೇಟಿನ ಹತ್ತಿರ ಯಾರಾದರೂ ನಿಂತಿರಲು ಆಗುತ್ತದೆಯೇ ಎಂದು ಕೇಳಿ. ಈ ಪ್ರಶ್ನೆಯನ್ನು ಹೆಚ್ಚಿನವರು ಸಂಕೋಚಪಟ್ಟು ಬಿಟ್ಟುಬಿಡುತ್ತಾರೆ. ಕೇಳಿದವರಿಗೆ ‘ಆಗುತ್ತೆ’ ಎಂಬ ಉತ್ತರವೇ ಸಾಮಾನ್ಯ. ವಾಚ್‌ಮನ್ ಹತ್ತಿರ ‘ಎಎ ಮೀಟಿಂಗ್’ ಎಂದರೆ ಸಾಕು, ಅವರಿಗೆ ಆ ಎರಡಕ್ಷರ ಗೊತ್ತಿರುತ್ತದೆ.

ಓಪನ್ ಮೀಟಿಂಗ್‌ಗೆ ಯಾರು ಬೇಕಾದರೂ ಬರಬಹುದು, ಹೆಂಡತಿ, ಅಣ್ಣ, ಸಮಾಜಕಾರ್ಯ ಓದುವ ವಿದ್ಯಾರ್ಥಿ ಯಾರೇ ಆದರೂ. ಕ್ಲೋಸ್ಡ್ ಮೀಟಿಂಗ್ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಒಬ್ಬರೇ ಹೋಗಲು ಕಾಲು ಬಾರದಿದ್ದರೆ ಮೊದಲ ಸಲ ಓಪನ್ ಆರಿಸಿಕೊಂಡು ಮನೆಯವರನ್ನು ಜೊತೆಗೆ ಕರೆದೊಯ್ಯಿರಿ. ಭಾಷೆಯ ವಿಷಯದಲ್ಲಿ ಮುಲಾಜು ಬೇಡ. ಬೆಂಗಳೂರಿನಲ್ಲಿ ಇಂಗ್ಲಿಷ್, ತಮಿಳು, ಕನ್ನಡ, ಹಿಂದಿ ಗುಂಪುಗಳಿವೆ. ಆಫೀಸಿನಲ್ಲಿ ಇಂಗ್ಲಿಷ್ ಆಡುವವರೂ ನಾಚಿಕೆಯ ಮಾತನ್ನು ಹೊರಗೆ ಹಾಕುವುದು ಮನೆಮಾತಿನಲ್ಲೇ. ಎರಡು ಬಸ್ ಬದಲಿಸಬೇಕಾದರೂ ಕನ್ನಡದ ಗುಂಪಿಗೇ ಹೋಗಿ ಎಂಬುದು ನಮ್ಮ ಸಲಹೆ.

ಎಎ ನಂಬರ್ ಸಿಗದ ಊರುಗಳವರಿಗೆ ಎರಡು ಸರ್ಕಾರಿ ಸಹಾಯವಾಣಿಗಳಿವೆ. ವ್ಯಸನಮುಕ್ತಿಗೆಂದೇ ಇರುವ 14446, ಮನಸ್ಸಿನ ಆರೋಗ್ಯದ ಟೆಲಿ ಮಾನಸ್ 14416. ಎರಡಕ್ಕೂ ಕಾಸು ಬೀಳುವುದಿಲ್ಲ. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಹತ್ತಿರದ ಆಸ್ಪತ್ರೆ ಯಾವುದು ಎಂದು ಕೇಳಲು ಇವು ಒಳ್ಳೆಯವು.

ಆ ಒಂದೂವರೆ ಗಂಟೆ

ಮೇಜಿನ ಮೇಲೆ ನೀಲಿ ರಟ್ಟಿನ ದಪ್ಪ ಪುಸ್ತಕ, ಒಂದಷ್ಟು ಕರಪತ್ರ. ಕುಡಿತ ಬಿಟ್ಟು ಉಳಿಯಲು ಎಎ ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳನ್ನು ಬರೆದ ಬ್ಯಾನರನ್ನು ಕಿಟಕಿಯ ಸರಳಿಗೆ ದಾರದಿಂದ ಕಟ್ಟಿರುತ್ತಾರೆ, ಮುಗಿದ ಮೇಲೆ ಸುತ್ತಿ ಯಾರೋ ಮನೆಗೆ ಒಯ್ಯುತ್ತಾರೆ. ಮೂಲೆಯಲ್ಲಿ ಟೀ ಫ್ಲಾಸ್ಕ್, ಪೇಪರ್ ಕಪ್ಪು, ಬಿಸ್ಕತ್ತು. ರಿಜಿಸ್ಟರ್ ಇಲ್ಲ. ಆಧಾರ್, ವಿಳಾಸ, ಜಾತಿ, ಕೆಲಸ ಕೇಳುವುದಿಲ್ಲ. ಫೀಸ್ ಇಲ್ಲ. ಕುಡಿತ ನಿಲ್ಲಿಸಬೇಕೆಂಬ ಆಸೆಯೊಂದೇ ಸದಸ್ಯತ್ವಕ್ಕೆ ಬೇಕಾದ ಅರ್ಹತೆ, ಅದನ್ನೂ ಬಾಯಿಬಿಟ್ಟು ರುಜುವಾತು ಮಾಡಬೇಕಿಲ್ಲ.

ಮೊದಲು ಒಂದು ಚಿಕ್ಕ ಮೌನ, ಪ್ರಾರ್ಥನೆ. ಬದಲಿಸಲಾಗದ್ದನ್ನು ಒಪ್ಪುವ ಶಾಂತಿ, ಬದಲಿಸಬಹುದಾದ್ದನ್ನು ಬದಲಿಸುವ ಧೈರ್ಯ, ಇವೆರಡರ ವ್ಯತ್ಯಾಸ ತಿಳಿಯುವ ವಿವೇಕ ಕೊಡು ಎನ್ನುವ ಅದೇ ನಾಲ್ಕು ಸಾಲು. ನಡೆಸಿಕೊಡುವವರು ಎಎ ಎಂದರೇನು ಎಂಬ ಪರಿಚಯ ಓದುತ್ತಾರೆ, ಹೆಜ್ಜೆಗಳನ್ನು ಓದಿಸುತ್ತಾರೆ. ಹೊಸಬರಿದ್ದರೆ ಆ ದಿನದ ವಿಷಯ ಬಿಟ್ಟು ಮೊದಲ ಹೆಜ್ಜೆಗೆ, ಅಂದರೆ ಕುಡಿತದ ಮುಂದೆ ನಮ್ಮ ಆಟ ನಡೆಯುವುದಿಲ್ಲ ಎಂದು ಒಪ್ಪುವ ಮಾತಿಗೆ, ಹೊರಳುವುದು ರೂಢಿ. ಆಮೇಲೆ ಷೇರಿಂಗ್. ಒಬ್ಬೊಬ್ಬರೂ ಹೆಸರು ಹೇಳಿ, ತಾನೊಬ್ಬ ಆಲ್ಕೋಹಾಲಿಕ್ ಎಂದು ಹೇಳಿ, ಐದು ಹತ್ತು ನಿಮಿಷ ಮಾತಾಡುತ್ತಾರೆ. ನಿಮ್ಮ ಸರದಿ ಬಂದಾಗ “ಇವತ್ತು ಕೇಳ್ತೀನಿ” ಎನ್ನಿ, ಒತ್ತಾಯ ಇರುವುದಿಲ್ಲ.

ಷೇರಿಂಗ್‌ಗೆ ಯಾರೂ ಉತ್ತರ ಕೊಡುವುದಿಲ್ಲ. ಮಧ್ಯೆ ಬಾಯಿ ಹಾಕಬಾರದು, ಸಲಹೆ ಕೊಡಬಾರದು, ಒಬ್ಬರ ಮಾತನ್ನು ಇನ್ನೊಬ್ಬರು ತಿದ್ದಬಾರದು. ಹೊಸಬರಿಗೆ ಇದು ಬೆಪ್ಪು ಹಿಡಿಸುತ್ತದೆ. ಕಷ್ಟ ಹೇಳಿಕೊಂಡರೆ ಬುದ್ಧಿಮಾತು ಬರಬೇಕು ಎಂಬುದು ನಮ್ಮ ಕಡೆಯ ರೂಢಿ, ಇಲ್ಲಿ “ಥ್ಯಾಂಕ್ಸ್” ಎಂದು ಮುಂದಿನವರಿಗೆ ಹೋಗಿಬಿಡುತ್ತಾರೆ. ಆದರೆ ಕುಡಿಯುವವರು ಬುದ್ಧಿಮಾತಿಗೆ ಬರಗೆಟ್ಟು ಬಂದಿರುವುದಿಲ್ಲ. ಅಪ್ಪ, ಭಾವ, ಮ್ಯಾನೇಜರ್, ಪಕ್ಕದ ಮನೆಯವರು ಎಲ್ಲರೂ ಹೇಳಿ ಮುಗಿಸಿರುತ್ತಾರೆ. ಬೇಕಿರುವುದು ಇಡೀ ಮಾತನ್ನು ಮುಖ ಸಿಂಡರಿಸದೆ ಕೇಳುವವರು, ಮತ್ತು ತನ್ನದೇ ಕಥೆಯನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದು. ಬಾಟಲಿಯನ್ನು ಸ್ಕೂಟರ್ ಡಿಕ್ಕಿಯಲ್ಲಿ ಬಚ್ಚಿಟ್ಟದ್ದು, ಸಂಬಳದ ದಿನ ದಾರಿ ಬದಲಿಸಿದ್ದು, ಮಗಳ ತಲೆ ಮೇಲೆ ಆಣೆ ಇಟ್ಟು ಮೂರನೇ ದಿನ ಮುರಿದದ್ದು. ಅದನ್ನು ಬೇರೊಬ್ಬರು ನಾಚದೆ ಹೇಳುವುದನ್ನು ಕೇಳಿದಾಗ ‘ನಾನೊಬ್ಬನೇ ಹೀಗೆ’ ಎಂಬ ಗಂಟು ಸಡಿಲವಾಗುತ್ತದೆ. ಎಎಯ ಎಲ್ಲ ಏರ್ಪಾಡಿನ ತಿರುಳು ಇದು. 1935ರಲ್ಲಿ ಅಮೆರಿಕದ ಓಹಾಯೊದ ಆಕ್ರನ್‌ನಲ್ಲಿ ಒಬ್ಬ ಷೇರು ದಲ್ಲಾಳಿಯೂ ಒಬ್ಬ ಸರ್ಜನ್ನೂ ಕೂತು ಮಾಡಿದ್ದು ಇದನ್ನೇ. 1957ರಲ್ಲಿ ಮುಂಬೈನಲ್ಲಿ ಭಾರತದ ಎಎ ಶುರುವಾದಾಗ ಬಂದದ್ದೂ ಇದೇ ಕ್ರಮ.

ನಡುವೆ ಒಂದು ಚೀಲವೋ ಡಬ್ಬಿಯೋ ಸುತ್ತು ಬರುತ್ತದೆ. ಹತ್ತು, ಇಪ್ಪತ್ತು ರೂಪಾಯಿ ಹಾಕುತ್ತಾರೆ. ಹೊಸಬರು ಹಾಕಬೇಕಿಲ್ಲ. ಕೋಣೆಯ ಬಾಡಿಗೆ, ಟೀ ಖರ್ಚು ಇದರಿಂದಲೇ ನಡೆಯಬೇಕು, ಹೊರಗಿನವರ ದೇಣಿಗೆ ಪಡೆಯುವುದಿಲ್ಲ ಎಂಬುದು ಅವರ ಕಟ್ಟುನಿಟ್ಟು. ಚರ್ಚಿನಲ್ಲಿ ನಡೆದರೂ ಚರ್ಚಿಗೆ ಸೇರಿದ್ದಲ್ಲ ಎನ್ನುವುದಕ್ಕೂ ಇದೇ ಆಧಾರ. ಮತಾಂತರದ ಹೆದರಿಕೆಯಿಂದ ಮನೆಯವರು ತಡೆಯುವುದುಂಟು. ಅವರನ್ನು ಒಂದು ಓಪನ್ ಮೀಟಿಂಗ್‌ಗೆ ಕರೆದುಕೊಂಡು ಬನ್ನಿ, ಅನುಮಾನ ಅಲ್ಲೇ ತೀರುತ್ತದೆ. ಹೆಜ್ಜೆಗಳಲ್ಲಿ ದೇವರ ಮಾತು ಪದೇ ಪದೇ ಬರುವುದು ನಿಜ, ‘ನಾವು ಅರಿತುಕೊಂಡಂತೆ’ ಎಂಬ ರಿಯಾಯಿತಿಯೂ ಜೊತೆಗಿದೆ. ಮಂಜುನಾಥ ಎನ್ನುವವರಿದ್ದಾರೆ, ಈ ಗುಂಪೇ ನನ್ನ ಶಕ್ತಿ ಎನ್ನುವ ನಾಸ್ತಿಕರಿದ್ದಾರೆ. ಅದೂ ಒಗ್ಗದವರಿಗೆ ದೇವರ ಪ್ರಸ್ತಾಪವಿಲ್ಲದ ಸ್ಮಾರ್ಟ್ ರಿಕವರಿಯ ಆನ್‌ಲೈನ್ ಸಭೆಗಳಿವೆ, ಇಂಗ್ಲಿಷ್ ಓಡಾಡುವಷ್ಟು ಬರಬೇಕು.

ಹದಿನೈದು ನಿಮಿಷದ ಪರೀಕ್ಷೆ

ಎಂಟೂವರೆಗೆ ಮೀಟಿಂಗ್ ಮುಗಿಯುತ್ತದೆ. ಎಂಟೂವರೆ ಬಾರ್ ತುಂಬುವ ಹೊತ್ತು. ಮನಸ್ಸು ಹಗುರಾಗಿರುತ್ತದೆ, ‘ಇಷ್ಟು ಮಾಡಿದೆನಲ್ಲ’ ಎಂಬ ಉಮೇದು ಇರುತ್ತದೆ, ದಾರಿಯಲ್ಲಿ ಹಳೆಯ ಅಡ್ಡಾ ಇರುತ್ತದೆ. ಮೊದಲ ಮೀಟಿಂಗ್‌ನ ರಾತ್ರಿಯೇ ಕುಡಿದವರು ಬಹಳ. ಅದಕ್ಕೇ ಕುರ್ಚಿ ಮಡಚುವ ಹೊತ್ತಿನಲ್ಲಿ ಓಡಬೇಡಿ. ಎರಡು ಕುರ್ಚಿ ನೀವೂ ಎತ್ತಿಡಿ, ಕಪ್ಪು ತೊಳೆಯುವವರ ಪಕ್ಕ ನಿಲ್ಲಿ. ಕೈಗೆ ಕೆಲಸವಿದ್ದರೆ ಮಾತು ಸಲೀಸು. ಕನಿಷ್ಠ ಮೂರು ನಂಬರ್ ತೆಗೆದುಕೊಳ್ಳಿ. ಒಂದೇ ನಂಬರ್ ಇದ್ದು ಅವರು ಎತ್ತದಿದ್ದರೆ ಅದೇ ಕುಡಿಯಲು ನೆಪವಾಗುತ್ತದೆ. ಅವರ ಎದುರೇ ಒಂದು ಮಿಸ್ಡ್ ಕಾಲ್ ಕೊಟ್ಟು ಸೇವ್ ಮಾಡಿಸಿ, ಗೊತ್ತಿಲ್ಲದ ನಂಬರ್ ಎಂದು ಮುಂದೆ ಎತ್ತದೆ ಇರಬಾರದು. ಅದೇ ದಾರಿಯಲ್ಲಿ ಹೋಗುವವರಿದ್ದರೆ ಬೈಕಿನ ಹಿಂದೆ ಕೂತು ಹೋಗಿ.

ಮರುದಿನ ಸುಮ್ಮನೆ ಒಂದು ಫೋನ್ ಮಾಡಿ. ಸಂಕಟ ಬಂದಾಗಲೇ ಮೊದಲ ಸಲ ಮಾಡುತ್ತೇನೆ ಎಂದುಕೊಂಡವರು ಸಂಕಟ ಬಂದಾಗ ಮಾಡುವುದಿಲ್ಲ. ಊಟ ಆಯಿತಾ, ಕೆಲಸ ಹೇಗಿದೆ ಎಂಬ ಮಾತಿನ ಅಭ್ಯಾಸ ಮೊದಲೇ ಆಗಿದ್ದರೆ, ಗ್ಲಾಸ್ ಎದುರಿಗೆ ಇರುವಾಗಲೂ ಬೆರಳು ಆ ನಂಬರಿಗೆ ಹೋಗುತ್ತದೆ. ಆಸೆ ಏರಿ ಬಂದಾಗ ಹಳಬರು ಮೊದಲು ಕೇಳುವುದು ಹಸಿವಾಗಿದೆಯಾ, ಸಿಟ್ಟು ಬಂದಿದೆಯಾ, ಒಂಟಿಯಾಗಿದ್ದೀರಾ, ಸುಸ್ತಾಗಿದೆಯಾ ಎಂದು. ಎರಡು ಚಪಾತಿ ತಿಂದು ಇಪ್ಪತ್ತು ನಿಮಿಷ ಮಾತಾಡಿದರೆ ಎಷ್ಟೋ ಸಲ ಅಲೆ ಇಳಿದಿರುತ್ತದೆ.

ಹೊಸಬರಿಗೆ ತೊಂಬತ್ತು ದಿನದಲ್ಲಿ ತೊಂಬತ್ತು ಮೀಟಿಂಗ್ ಮಾಡಿ ಎನ್ನುವುದು ಎಎಯ ಹಳೆಯ ಸಲಹೆ. ಬೆಂಗಳೂರಿನಲ್ಲಿ ಗುಂಪು ಬದಲಿಸುತ್ತಾ ಹೋದರೆ ಸಾಧ್ಯವಿದೆ. ಚಿಕ್ಕ ಊರಿನಲ್ಲಿ ವಾರಕ್ಕೆ ಒಂದೋ ಎರಡೋ ಇರುತ್ತದೆ, ಉಳಿದ ದಿನಕ್ಕೆ ಆನ್‌ಲೈನ್ ಸೇರಿಸಿಕೊಳ್ಳಬೇಕು. ಒಂದೇ ಮೀಟಿಂಗ್ ನೋಡಿ ‘ನನಗಾಗಲ್ಲ’ ಎನ್ನಬೇಡಿ. ಒಂದು ಗುಂಪಿನಲ್ಲಿ ಹಳಬರದೇ ದರ್ಬಾರು, ಇನ್ನೊಂದರಲ್ಲಿ ಬರೀ ಐದು ಜನ, ಮತ್ತೊಂದರಲ್ಲಿ ನಿಮ್ಮ ವಯಸ್ಸಿನವರೇ ತುಂಬಿರುತ್ತಾರೆ. ಕನಿಷ್ಠ ಮೂರು ಬೇರೆ ಬೇರೆ ಗುಂಪು ನೋಡಿ, ಒಂದನ್ನು ಖಾಯಂ ಮಾಡಿಕೊಳ್ಳಿ. ತಿಂಗಳೊಪ್ಪತ್ತಿನಲ್ಲಿ ಒಬ್ಬ ಸ್ಪಾನ್ಸರ್ ಹಿಡಿಯಿರಿ. ಹೆಜ್ಜೆಗಳನ್ನು ಕೈಹಿಡಿದು ಮಾಡಿಸುವ ಹಳಬರಿಗೆ ಈ ಹೆಸರು. ಗಂಡಸಿಗೆ ಗಂಡಸು, ಹೆಂಗಸಿಗೆ ಹೆಂಗಸು ಎಂಬುದು ರೂಢಿ. ಬಿಟ್ಟು ವರ್ಷ ದಾಟಿರಬೇಕು, ಫೋನ್ ಎತ್ತುವವರಿರಬೇಕು. ಚೆನ್ನಾಗಿ ಭಾಷಣ ಮಾಡುವವರೇ ಆಗಬೇಕೆಂದಿಲ್ಲ.

ಎಡವಟ್ಟಾಗುವುದು ಎಲ್ಲಿ

ಸದಸ್ಯರೊಬ್ಬರು ಡಾಕ್ಟರ್ ಆಗಿಬಿಡುವುದು ಎಲ್ಲಕ್ಕಿಂತ ಅಪಾಯದ್ದು. ‘ಮಾತ್ರೆ ತಿಂದರೆ ಅದೂ ನಶೆಯೇ, ಬಿಟ್ಟುಬಿಡು’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಖಿನ್ನತೆಗೆ, ಫಿಟ್ಸಿಗೆ, ಕುಡಿತದ ಆಸೆ ಇಳಿಸಲು ಡಾಕ್ಟರು ಬರೆದ ಮಾತ್ರೆಯನ್ನು ನಿಲ್ಲಿಸುವ ಅಧಿಕಾರ ಯಾವ ಸದಸ್ಯರಿಗೂ ಇಲ್ಲ. ಸದಸ್ಯರು ವೈದ್ಯರಂತೆ ವರ್ತಿಸಬಾರದು ಎಂದು ಎಎಯ ಕರಪತ್ರವೇ ಹೇಳುತ್ತದೆ. ಕುಡಿದರೆ ಮೈಗೆ ಆಗದಂತೆ ಮಾಡುವ ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಳ್ಳುವವರು ಇನ್ನೊಂದು ವಿಷಯ ನೆನಪಿಡಬೇಕು. ಆ ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಉಳಿಯಬಹುದು, ನಡುವೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ‘ಗೊತ್ತಿಲ್ಲದಂತೆ ಕುಡಿತ ಬಿಡಿಸಿ’ ಎಂಬ ಗೋಡೆ ಜಾಹೀರಾತು ನಂಬಿ ಸಾರಿನಲ್ಲಿ ಪುಡಿ ಬೆರೆಸುವವರು ಈ ಕಾರಣಕ್ಕೇ ಬೆಂಕಿಯ ಜೊತೆ ಆಡುತ್ತಿದ್ದಾರೆ. ಪುಡಿಯಲ್ಲಿ ಏನಿದೆ ಎಂಬುದೂ ಗೊತ್ತಿಲ್ಲ, ಕುಡಿಯುವವರಿಗೆ ಎಚ್ಚರಿಕೆಯೂ ಇಲ್ಲ.

ಮೀಟಿಂಗ್ ಸ್ನೇಹದಲ್ಲಿ ಸಾಲ ಕೊಡುವುದು, ಪಡೆಯುವುದು ಬೇಡ. ದುಡ್ಡು ವಾಪಸ್ ಬರದಿದ್ದಾಗ ಇಬ್ಬರೂ ಮೀಟಿಂಗ್ ತಪ್ಪಿಸುತ್ತಾರೆ. ಹೊಸದಾಗಿ ಬಂದ ಹೆಣ್ಣುಮಕ್ಕಳ ಹತ್ತಿರ ವಿಪರೀತ ಕಾಳಜಿ ತೋರಿಸುವ ಗಂಡಸರ ಬಗ್ಗೆಯೂ ಎಚ್ಚರ ಬೇಕು, ಇದು ಎಲ್ಲ ದೇಶದ ಗುಂಪುಗಳಲ್ಲೂ ಇರುವ ಕಾಯಿಲೆ. ನಮ್ಮಲ್ಲಿ ಹೆಂಗಸರು ಬರುವುದೇ ಕಡಿಮೆ, ಕೋಣೆಯಲ್ಲಿ ಒಬ್ಬರೇ ಹೆಂಗಸು ಇರುವ ದಿನಗಳುಂಟು. ಫೋನ್ ಮಾಡಿದಾಗಲೇ “ಹಳೆಯ ಮಹಿಳಾ ಸದಸ್ಯರ ನಂಬರ್ ಕೊಡಿ” ಎಂದು ಕೇಳಿ. ಮಹಿಳೆಯರಿಗಷ್ಟೇ ಇರುವ ಆನ್‌ಲೈನ್ ಮೀಟಿಂಗ್‌ಗಳಿಂದ ಶುರು ಮಾಡುವುದು ಒಳ್ಳೆಯದು.

ಖಾಸಗಿ ರಿಹ್ಯಾಬ್‌ಗಳಿಗೆ ಜನ ಹಿಡಿದುಕೊಡುವವರು ಕೆಲವೊಮ್ಮೆ ಸುಳಿದಾಡುತ್ತಾರೆ. ಎಎ ಯಾವ ರಿಹ್ಯಾಬನ್ನೂ ನಡೆಸುವುದಿಲ್ಲ. ಸೇರಲೇಬೇಕಾದ ಸ್ಥಿತಿ ಇದ್ದರೆ ಆ ಜಾಗ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನೋಂದಣಿಯಾಗಿದೆಯೇ, ಡಾಕ್ಟರು ದಿನವೂ ಬರುತ್ತಾರೆಯೇ, ಮನೆಯವರು ನೋಡಲು, ಫೋನಿನಲ್ಲಿ ಮಾತಾಡಲು ಬಿಡುತ್ತಾರೆಯೇ ಎಂದು ವಿಚಾರಿಸಿ. ಇದಕ್ಕೆ ಸರಿಯಾಗಿ ಉತ್ತರಿಸದ ಕಡೆ ಸೇರಿಸಬೇಡಿ.

ಫಲ ಎಷ್ಟು ಎಂದು ಕೇಳುವವರಿಗೆ: ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ 27 ಅಧ್ಯಯನಗಳ ಹತ್ತು ಸಾವಿರಕ್ಕೂ ಹೆಚ್ಚು ಜನರ ಫಲಿತಾಂಶ ಜೋಡಿಸಿ ನೋಡಿತು. ಎಎಗೆ ಕ್ರಮವಾಗಿ ಸೇರಿಸಿಬಿಡುವ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ಮೇಲೆ ಪೂರ್ತಿ ಕುಡಿಯದೆ ಉಳಿದವರು ಶೇ 42, ಇತರ ಮಾನಸಿಕ ಚಿಕಿತ್ಸೆ ಪಡೆದವರಲ್ಲಿ ಶೇ 35. ಪವಾಡದ ಅಂಕಿಯಲ್ಲ, ದುಡ್ಡಿಲ್ಲದೆ ಸಿಗುವ ಸೇವೆಗೆ ಬಹಳ ಒಳ್ಳೆಯ ಅಂಕಿ. ‘ಕ್ರಮವಾಗಿ ಸೇರಿಸಿಬಿಡುವ’ ಎಂಬಲ್ಲಿ ಕೈಹಿಡಿದು ಕರೆದೊಯ್ಯುವುದು ಇದೆ ಎಂಬುದನ್ನು ಗಮನಿಸಿ. ಚೀಟಿಯ ಮೇಲೆ ವಿಳಾಸ ಬರೆದುಕೊಟ್ಟು ‘ಹೋಗಿ ನೋಡಿ’ ಎನ್ನುವ ಡಾಕ್ಟರು ಅಲ್ಲೇ ಒಂದು ಫೋನ್ ಹಚ್ಚಿಕೊಟ್ಟರೆ ಎಷ್ಟೋ ಉಪಕಾರ.

ಶಿಬಿರ ಮತ್ತು ನವಜೀವನ ಸಮಿತಿ

ಎಎ ಇಲ್ಲದ ತಾಲ್ಲೂಕುಗಳಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರವೇ ಜನರಿಗೆ ಗೊತ್ತಿರುವ ದಾರಿ. ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ಎಂಟು ದಿನ ಅಲ್ಲೇ ವಾಸ. ಯೋಗ, ಭಜನೆ, ಆಪ್ತಸಲಹೆ, ಗುಂಪು ಚರ್ಚೆ, ಮನೆಯವರನ್ನು ಕರೆಸಿ ಕೂರಿಸುವ ದಿನ. ಊರಿನವರೇ ವ್ಯವಸ್ಥಾಪನಾ ಸಮಿತಿ ಮಾಡಿಕೊಂಡು ಊಟ, ಜಾಗಕ್ಕೆ ಕೈಜೋಡಿಸುತ್ತಾರೆ. ಹೆಸರು ಕೊಡಲು ಯೋಜನೆಯ ತಾಲ್ಲೂಕು ಕಚೇರಿಗೆ ಹೋಗಬೇಕು, ಅಥವಾ ಊರಿನ ಸೇವಾಪ್ರತಿನಿಧಿಯನ್ನು ಕೇಳಬೇಕು.

ಇದರ ಬಲವೂ ದೌರ್ಬಲ್ಯವೂ ಒಂದೇ: ಎಲ್ಲರಿಗೂ ಗೊತ್ತಾಗುತ್ತದೆ. ಎಎಯಲ್ಲಿ ಹೆಸರು ಹೊರಗೆ ಹೋಗುವುದಿಲ್ಲ, ಇಲ್ಲಿ ಊರೇ ಸಾಕ್ಷಿ. ಸಮಾರೋಪಕ್ಕೆ ವೇದಿಕೆ, ಫೋಟೊ ಎಲ್ಲ ಇರುತ್ತದೆ. ಹೊಲದ ಕೆಲಸ, ಸ್ವಸಹಾಯ ಸಂಘ, ದೇವಸ್ಥಾನ ಎಲ್ಲವೂ ಒಂದೇ ಊರಿನಲ್ಲಿರುವವರಿಗೆ ಇದು ಬೇಲಿಯಂತೆ ಕಾಯುತ್ತದೆ. ಶಿಬಿರ ಮುಗಿಸಿದವನಿಗೆ ಪೆಗ್ ಹಾಕಿಕೊಡಲು ಗೆಳೆಯರು ಹಿಂಜರಿಯುತ್ತಾರೆ. ಸರ್ಕಾರಿ ಕೆಲಸದಲ್ಲಿರುವವರು, ಮಾಸ್ತರರು, ಹೆಂಗಸರು ಅದೇ ಕಾರಣಕ್ಕೆ ದೂರ ಉಳಿಯುತ್ತಾರೆ. ಮತ್ತೆ ಕುಡಿದರೆ ಊರೆಲ್ಲ ಗೊತ್ತಾಗಿ, ನಾಚಿಕೆಗೆ ಇನ್ನಷ್ಟು ಕುಡಿಯುವವರೂ ಇದ್ದಾರೆ.

ಎಂಟು ದಿನ ಮುಗಿದ ಮೇಲೆ ನವಜೀವನ ಸಮಿತಿ ಇದೆ. ಶಿಬಿರದಿಂದ ಬಂದವರು ಆಗಾಗ ಸೇರುವ ಸಭೆ ಇದು, ಇಡೀ ಏರ್ಪಾಡಿನ ಜೀವ ಇಲ್ಲಿದೆ. ಸಮಿತಿ ಚುರುಕಾಗಿರುವ ಊರು ಮತ್ತು ಹೆಸರಿಗಷ್ಟೇ ಇರುವ ಊರಿನ ನಡುವೆ ಅಜಗಜಾಂತರ. ಶಿಬಿರಕ್ಕೆ ಸೇರಿಸುವ ಮೊದಲೇ ಕೇಳಿ: ಹೋದ ಶಿಬಿರದ ಸಮಿತಿ ಈಗಲೂ ಸೇರುತ್ತಿದೆಯಾ, ಯಾವ ವಾರ, ಯಾರ ಮನೆಯಲ್ಲಿ? ಉತ್ತರ ತಡವರಿಸಿದರೆ ಪಕ್ಕದ ವಲಯದ ಶಿಬಿರ ನೋಡಿ. ಫಿಟ್ಸ್, ಲಿವರ್ ತೊಂದರೆ ಇದ್ದವರು ಮೊದಲು ಆಸ್ಪತ್ರೆಗೆ ತೋರಿಸಿ, ಆಮೇಲೆ ಶಿಬಿರಕ್ಕೆ ಹೋಗಬೇಕು.

ಆಸ್ಪತ್ರೆಗಳಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಧಾರವಾಡದ ಡಿಮ್ಹಾನ್ಸ್, ಜಿಲ್ಲಾಸ್ಪತ್ರೆಗಳ ಮನೋರೋಗ ವಿಭಾಗಗಳಿವೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಕ್ಲಿನಿಕ್ ಇದೆ. ಆಸ್ಪತ್ರೆಯ ಗುಂಪು ಸಭೆ ದಾಖಲಾದವರಿಗೆ, ಫಾಲೋಅಪ್‌ಗೆ ಬರುವವರಿಗೆ ಒಳ್ಳೆಯದು. ಹಗಲು ಹೊತ್ತಿನಲ್ಲಿ ನಡೆಯುವುದರಿಂದ ಕೆಲಸಕ್ಕೆ ಹೋಗುವವರಿಗೆ ಹೆಚ್ಚು ದಿನ ಹೊಂದುವುದಿಲ್ಲ.

ಫೋನಿನಲ್ಲಿ, ಮನೆಯಲ್ಲಿ

ಆನ್‌ಲೈನ್ ಮೀಟಿಂಗ್ ಕೋಣೆಯ ಮೀಟಿಂಗ್‌ಗೆ ಸಾಟಿಯಲ್ಲ, ಆದರೆ ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು. ಜೂಮ್ ತೆರೆಯುವ ಮುಂಚೆ ಹೆಸರು ಬದಲಿಸಿ. ಆಫೀಸಿನ ಪೂರ್ತಿ ಹೆಸರು, ಕಂಪನಿ ಹೆಸರು ಹಾಗೇ ಪರದೆಯ ಮೇಲೆ ಬರುವುದು ಸಾಮಾನ್ಯ ತಪ್ಪು. ಇಯರ್‌ಫೋನ್ ಹಾಕಿಕೊಳ್ಳಿ, ನಿಮ್ಮ ಗುಟ್ಟಿಗಿಂತ ಹೆಚ್ಚಾಗಿ ಇತರರ ಗುಟ್ಟು ನಿಮ್ಮ ಮನೆಯ ಹಾಲ್‌ನಲ್ಲಿ ಕೇಳಿಸಬಾರದು. ಕೊನೆಯ ನಮಸ್ಕಾರ ಆದ ಕೂಡಲೇ ಪರದೆ ಕತ್ತಲಾಗುತ್ತದೆ, ಆ ಹದಿನೈದು ನಿಮಿಷ ಇಲ್ಲಿ ತಾನಾಗಿ ಸಿಗುವುದಿಲ್ಲ. “ನಾನು ಹೊಸಬ, ಯಾರಾದರೂ ಆಮೇಲೆ ಇರ್ತೀರಾ?” ಎಂದು ಚಾಟ್‌ನಲ್ಲಿ ಮೊದಲೇ ಬರೆದಿಡಿ.

ಹೊರದೇಶದಲ್ಲಿರುವ ಕನ್ನಡಿಗರು ನಮ್ಮ ಸಂಜೆಯ ಮೀಟಿಂಗ್ ಸೇರುವುದಾದರೆ, ಇಲ್ಲಿಯ ರಾತ್ರಿ 8 ಗಂಟೆ ಎಂದರೆ ದುಬೈನಲ್ಲಿ ಸಂಜೆ 6:30, ಲಂಡನ್ನಿನಲ್ಲಿ ಮಧ್ಯಾಹ್ನ 2:30 (ಬೇಸಿಗೆಯಲ್ಲಿ 3:30), ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ 9:30 (ಬೇಸಿಗೆಯಲ್ಲಿ 10:30). ಅಮೆರಿಕದಲ್ಲಿ ಹತ್ತಿರದ ಕೋಣೆ ಹುಡುಕಲು ಎಎಯದೇ ಮೀಟಿಂಗ್ ಗೈಡ್ ಆ್ಯಪ್ ಚೆನ್ನಾಗಿದೆ.

ಹೆಂಡತಿ, ತಾಯಿ, ಮಕ್ಕಳಿಗೆ ಬೇರೆಯದೇ ಸಂಘ ಇದೆ, ಅಲ್-ಅನಾನ್. 1951ರಲ್ಲಿ ಎಎ ಸಂಸ್ಥಾಪಕರೊಬ್ಬರ ಪತ್ನಿ ಕಟ್ಟಿದ್ದು. ಗಂಡ ಬಿಡದಿದ್ದರೂ ಹೆಂಡತಿ ಹೋಗಬಹುದು, ಹೋಗಬೇಕು. ಅವನ ಜೇಬು ತಡಕುವುದು, ಆಫೀಸಿಗೆ ‘ಜ್ವರ’ ಎಂದು ಸುಳ್ಳು ಫೋನ್ ಮಾಡುವುದು, ಬಾರ್ ಸಾಲ ತೀರಿಸುವುದು ಇವುಗಳಿಂದ ಹೊರಬರುವ ಮಾತು ಅಲ್ಲಿ ನಡೆಯುತ್ತದೆ. “ನಮ್ಮ ಯಜಮಾನರನ್ನ ಬಂದು ಕರ್ಕೊಂಡ್ಹೋಗಿ” ಎಂದು ಎಎಗೆ ಫೋನ್ ಮಾಡಿದರೆ ಬರುವುದಿಲ್ಲ. ಅವರೇ ಫೋನ್ ಹಿಡಿದು “ಬನ್ನಿ” ಎಂದರೆ ಇಬ್ಬರು ಸದಸ್ಯರು ಮನೆಗೂ ಬಂದು ಮಾತಾಡುವುದುಂಟು. ಕುಡಿದಿಲ್ಲದ ಬೆಳಗಿನ ಹೊತ್ತು ನೋಡಿ ಫೋನ್ ಕೈಗೆ ಕೊಡಿ.

ಎಡವಿದಾಗ

ಯುಗಾದಿಯ ಮರುದಿನದ ಹೊಸತೊಡಕು, ಬೀಗರೂಟ, ಮಾರಿಹಬ್ಬ, ಗಣೇಶನ ಮೆರವಣಿಗೆ, ಡಿಸೆಂಬರ್ 31, ಚುನಾವಣೆಯ ವಾರ. ಸ್ಲಿಪ್, ಅಂದರೆ ಬಿಟ್ಟವರು ಮತ್ತೆ ಕುಡಿಯುವುದು, ಆಗುವುದು ಹೆಚ್ಚಾಗಿ ಈ ದಿನಗಳಲ್ಲಿ. ಆ ದಿನ ಎಷ್ಟು ಹೊತ್ತಿಗೆ ಯಾವ ಮೀಟಿಂಗ್, ಯಾರ ಜೊತೆ ಊಟ ಎಂದು ವಾರ ಮೊದಲೇ ಗೊತ್ತು ಮಾಡಿಕೊಳ್ಳಿ. ಬೀಗರೂಟಕ್ಕೆ ಹೋಗಲೇಬೇಕಿದ್ದರೆ ಮೊದಲ ಪಂಕ್ತಿಯಲ್ಲಿ ಕೂತು, ಉಂಡು, ಕೈತೊಳೆದು ಹೊರಡಿ. ಗ್ಲಾಸುಗಳು ಹೊರಬರುವುದು ಆಮೇಲೆ.

ಆದರೂ ಕುಡಿದುಬಿಟ್ಟರೆ ಅದೇ ಗುಂಪಿಗೇ ವಾಪಸ್ ಹೋಗಿ. ಮುಖ ತೋರಿಸುವುದು ಹೇಗೆ ಎಂದು ಬೇರೆ ಗುಂಪು ಹುಡುಕುತ್ತಾ ತಿಂಗಳು ಕಳೆದುಹೋಗುತ್ತದೆ. ಕುಡಿದೇ ಹೋದರೂ ಬಾಗಿಲಲ್ಲಿ ತಡೆಯುವುದಿಲ್ಲ. ಆ ದಿನ ಮಾತಾಡಲು ಬಿಡದೆ, ಟೀ ಕೊಟ್ಟು ಕೂರಿಸುತ್ತಾರೆ, ಗಲಾಟೆ ಮಾಡಿದರೆ ಮಾತ್ರ ಹೊರಗೆ ಕರೆದೊಯ್ಯುತ್ತಾರೆ. ದಿನದ ಲೆಕ್ಕ ಮತ್ತೆ ಒಂದರಿಂದ ಶುರುವಾಗುತ್ತದೆ, ಕಲಿತದ್ದು ಅಳಿಸಿಹೋಗುವುದಿಲ್ಲ. ಒಂದು ದಿನದ ಸ್ಲಿಪ್ ಆಗಿದ್ದರೆ ಅಂದು ಸಂಜೆಯೇ ಮೀಟಿಂಗ್‌ಗೆ ಹೋಗಿ. ದಿನಗಟ್ಟಲೆ ಬಿಡದೆ ಕುಡಿದಿದ್ದರೆ, ನಿಲ್ಲಿಸಿದ ಮೇಲೆ ಕೈ ನಡುಗುತ್ತಿದ್ದರೆ ಮೊದಲು ಆಸ್ಪತ್ರೆ. ಅಲ್ಲಿಂದಲೇ ಆ ಮೂರು ನಂಬರುಗಳಲ್ಲಿ ಒಂದಕ್ಕೆ ಫೋನ್ ಮಾಡಿ, ವಾರ್ಡಿಗೆ ಬಂದು ನೋಡುವವರಿದ್ದಾರೆ.